ಅಜ್ಜಿಯ ಬಿಳಿರಾಗಿಯೂ ನಾನು ‘ದೊಡ್ಡವಳಾದ’ ವರ್ಷವೂ

ರಾಗಿಮೆದೆ (ಮೂಲ ಬರಹ; ಕೆಳಗೆ ಓದುಗರ ಪ್ರತಿಕ್ರಿಯೆಗಳು, ಅವರವರ ಅಂಕಿತನಾಮದೊಂದಿಗೆ)

ಕಳೆದ ಯುಗಾದಿಗೆ ಮುಂಚೆ, ನಾಗಮಂಗಲ ತಾಲ್ಲೂಕಿನ ನಮ್ಮ ಹಳೆಯ ಮನೆಯ ಹೆಂಚು ಇಳಿಸುತ್ತಿದ್ದಾಗ, ಅಟ್ಟದ ಮೂಲೆಯಲ್ಲಿ ಬಾಯಿಗೆ ಸಗಣಿ ಮೆತ್ತಿದ ಸೋರೆ ಬುರುಡೆಯೊಂದು ಸಿಕ್ಕಿತು. ಒಣಗಿದ ಸಗಣಿಯನ್ನು ಕೆರೆದು ತೆಗೆದರೆ ಒಳಗೆ ಒಂದೂವರೆ ಪಾವಿನಷ್ಟು ಬಿಳಿರಾಗಿ, ಅದರೊಂದಿಗೆ ಬೂದಿ ಮತ್ತು ಮುಟ್ಟಿದರೆ ಪುಡಿಯಾಗುವ ಬೇವಿನ ಸೊಪ್ಪು. ಅದನ್ನು ಮೆತ್ತಿಟ್ಟವಳು ನನ್ನ ಅಜ್ಜಿ, ಅಪ್ಪನ ತಾಯಿ. ಅವಳು ತೀರಿಕೊಂಡದ್ದು 2003ರ ಡಿಸೆಂಬರಿನಲ್ಲಿ, ಹೊಲದ ರಾಗಿಯನ್ನು ಕೊಯ್ದು ಮೆದೆ ಹಾಕಿದ ವಾರದಲ್ಲಿ. ನೂರು ಕಾಳು ಎಣಿಸಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ, ಎಂಟು ದಿನ ನೀರು ಚಿಮುಕಿಸುತ್ತ ಕಾದೆ. ಒಂದೇ ಒಂದು ಕಾಳೂ ಮೊಳೆಯಲಿಲ್ಲ.

ಆ ಬಿಳಿರಾಗಿಯನ್ನು ಇಂದಿಗೂ ಬೆಳೆಯುತ್ತಿರುವವರು ಯಾರಾದರೂ ಇದ್ದಾರೆಯೇ ಎಂದು ಕೇಳುವುದೇ ಇಲ್ಲಿ ಬರೆಯುತ್ತಿರುವುದರ ಉದ್ದೇಶ. ಆದರೆ ಆ ಬೀಜದ ಕಥೆ ಹೇಳದೆ ಅದರ ಗುರುತು ಹೇಳುವುದು ನನಗೆ ಸಾಧ್ಯವಿಲ್ಲ. ಆ ಕಥೆ ನನ್ನ ಹದಿಮೂರನೆಯ ವರ್ಷದ ಕಥೆಯೂ ಆಗಿರುವುದರಿಂದ ಬರಹ ಸ್ವಲ್ಪ ಉದ್ದವಾಗುತ್ತದೆ.

ನಮ್ಮದು ನಾಲೆಯ ನೀರು ಕಾಣದ ಹೊಲ. ಮಂಡ್ಯ ಜಿಲ್ಲೆಯೆಂದರೆ ಕಬ್ಬು, ಭತ್ತ ಎಂದುಕೊಳ್ಳುವವರಿಗೆ ನಾಗಮಂಗಲದ ಕಡೆಯ ಕೆಂಪು ಬೋರೆಯನ್ನು ತೋರಿಸಬೇಕು. ಆರಿದ್ರಾ, ಪುನರ್ವಸು ಮಳೆಗೆ ಕೂರಿಗೆ ಹೂಡಿ ರಾಗಿ ಬಿತ್ತುವುದು, ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡುವುದು, ಮಳೆ ಕೈಕೊಟ್ಟರೆ ಹುರುಳಿ ಎರಚಿ ಆಕಾಶ ನೋಡುವುದು. ಉತ್ತು ಬಿತ್ತುವ ಕೆಲಸ ಗಂಡಸರದಾದರೂ ಬೀಜದ ಕೆಲಸವನ್ನು ಅಜ್ಜಿ ಯಾರಿಗೂ ಬಿಟ್ಟುಕೊಟ್ಟವಳಲ್ಲ. ದೀಪಾವಳಿ ಕಳೆದು ತೆನೆ ಬಲಿತ ಮೇಲೆ, ಇನ್ನೂ ಇಬ್ಬನಿ ಆರುವ ಮೊದಲೇ, “ಬಾ ಮಗ, ತೆನೆ ನೋಡ್ಕೊಂಡು ಬರಾನ” ಎಂದು ನನ್ನನ್ನು ಕರೆದುಕೊಂಡು ಹೊಲಕ್ಕೆ ಇಳಿಯುತ್ತಿದ್ದಳು. ಸೊಂಟದಲ್ಲಿ ಹಳೆಯ ಸೀರೆಯ ಅಂಚಿನಿಂದ ಹರಿದ ಕೆಂಪು ಪಟ್ಟಿಗಳಿರುತ್ತಿದ್ದವು; ಬೀಜಕ್ಕೆ ಬೇಕಾದ ತೆನೆಯ ಕಡ್ಡಿಗೆ ಅದನ್ನು ಕಟ್ಟುವುದು ನನ್ನ ಕೆಲಸವಾಗಿತ್ತು.

ನನಗೆ ಆಶ್ಚರ್ಯವಾಗುತ್ತಿದ್ದುದು ಅವಳು ಬಿಟ್ಟುಬಿಡುತ್ತಿದ್ದ ತೆನೆಗಳನ್ನು ಕಂಡು. ಬದುವಿನ ಪಕ್ಕದ್ದು ಬೇಡ, ತಿಪ್ಪೆಗೊಬ್ಬರ ಸುರಿದ ಜಾಗದ್ದು ಬೇಡ, ಎಲ್ಲಕ್ಕಿಂತ ದಪ್ಪಗಿದ್ದು ತಲೆದೂಗುತ್ತಿದ್ದುದಂತೂ ಬೇಡವೇ ಬೇಡ. ಹೊಲದ ನಡುವೆ, ಕಲ್ಲು ಹೆಚ್ಚಾಗಿದ್ದು ಮಣ್ಣು ತೆಳ್ಳಗಿರುವಲ್ಲಿ, ಅಕ್ಕಪಕ್ಕದ ಪೈರು ಸೊರಗಿದ್ದರೂ ತಾನು ನೆಟ್ಟಗೆ ನಿಂತು ಕಾಳು ಕಟ್ಟಿದ ತೆನೆಯ ಬಳಿ ಅವಳು ನಿಲ್ಲುತ್ತಿದ್ದಳು. “ತಿಪ್ಪೆ ಮಗ್ಗುಲಲ್ಲಿ ಯಾರು ಬೇಕಾದ್ರೂ ದಪ್ಪಾಯ್ತಾರೆ” ಎಂದು ಒಮ್ಮೆ ಹೇಳಿದ್ದು ನೆನಪಿದೆ. ಅವಳು ಅದನ್ನು ರಾಗಿಯ ಬಗೆಗಷ್ಟೇ ಹೇಳಿದ್ದಳು. ಆ ಮಾತನ್ನು ನಾನು ಮನುಷ್ಯರಿಗೆ ಅನ್ವಯಿಸಿದ್ದು ಬಹಳ ವರ್ಷಗಳ ನಂತರ, ಅದೂ ಸಿಟ್ಟಿನಲ್ಲಿ.

ನಮ್ಮಲ್ಲಿ ಮೂರು ಬಗೆಯ ರಾಗಿ ಇತ್ತು. ಹಸಿರುಕಡ್ಡಿ ಎಂಬುದು ಮುಖ್ಯವಾದುದು, ಗಿಡ್ಡರಾಗಿ ತಡವಾಗಿ ಮಳೆ ಬಂದ ವರ್ಷಕ್ಕೆ, ಬಿಳಿರಾಗಿ ಎರಡು ಗುಂಟೆಯಷ್ಟು ಮಾತ್ರ, ಮನೆಯ ಕೂಸುಗಳಿಗೆ ಉಣಿಸುವ ಸರಿ ಎಂಬ ಗಂಜಿಗೂ ಕಾಯಿಲೆಯವರ ಅಂಬಲಿಗೂ. 2001ರಿಂದ ಮೂರು ವರ್ಷ ರಾಜ್ಯದಲ್ಲಿ ಒಂದರ ಹಿಂದೊಂದು ಬರ ಬಂದದ್ದು ಅನೇಕರಿಗೆ ನೆನಪಿರಬಹುದು. ಎರಡನೆಯ ವರ್ಷ ಮನೆಯಲ್ಲಿ ಧಾನ್ಯ ತುಂಬಿಡುವ ವಾಡೆ ಅರ್ಧಕ್ಕಿಳಿದಾಗ ಅಜ್ಜಿ ಒಂದು ವಿಚಿತ್ರವಾದ ಕೆಲಸ ಮಾಡಿದಳು. ಬೀಜದ ರಾಗಿಯನ್ನು ಮನೆಯಲ್ಲಿ ಬಚ್ಚಿಡುವ ಬದಲು ಮೂರು ಗಂಟು ಕಟ್ಟಿ ಹಂಚಿಬಿಟ್ಟಳು: ಮಾಯಸಂದ್ರದ ಹತ್ತಿರವಿರುವ ತನ್ನ ತವರಿಗೆ ಒಂದು, ಬೆಳ್ಳೂರಿನ ಕಡೆಯ ಗೆಳತಿಯ ಮನೆಗೆ ಒಂದು, ತಂಗಿಯ ಮನೆಗೆ ಒಂದು. ಹಸಿದ ಮನೆಯಲ್ಲಿ ಬೀಜ ಉಳಿಯುವುದಿಲ್ಲವೆಂಬುದು ಅವಳ ಲೆಕ್ಕ. ಗಂಡಸರು ಒಪ್ಪುವುದಿಲ್ಲವೆಂದು ಅವರಿಗೆ ಹೇಳಿರಲಿಲ್ಲ. ಗಂಟು ಹೊತ್ತು ಜೊತೆಗೆ ನಡೆದವಳು ನಾನೊಬ್ಬಳೇ.

2003ರ ಶಿವರಾತ್ರಿಯ ಹೊತ್ತಿಗೆ ನಾನು ಮೈನೆರೆದೆ. ಸೋದರಮಾವ ತೆಂಗಿನ ಗರಿ ತಂದು ಗುಡ್ಲು ಹಾಕಿದರು. ಹನ್ನೊಂದು ದಿನ ಅದರೊಳಗೆ ಕೂತು ಚಿಗಳಿ, ಕೊಬ್ಬರಿ, ತುಪ್ಪ ತಿಂದೆ. ಸಂಜೆ ಆರತಿಗೆ ಬಂದ ಹೆಂಗಸರು ಹಾಡಿದರು. ಒಸಗೆ ಎಂದರೆ ನನಗೆ ನೆನಪಾಗುವುದು ಆ ಆರತಿಯಲ್ಲ, ಗುಡ್ಲಿನ ಎದುರಿಗೆ ಜಗಲಿಯ ಮೇಲೆ ಮೊರ ಹಿಡಿದು ಕೂತ ಅಜ್ಜಿ. ಅವಳು ಒಂದು ಕಡೆ ಕೂತವಳೇ ಅಲ್ಲ. ಆ ಹನ್ನೊಂದು ದಿನ ಮಾತ್ರ ನನ್ನಿಂದ ನಾಲ್ಕು ಮೊಳ ದೂರದಲ್ಲಿ ಕೂತು, ಅವರೆ ಕೇರುತ್ತ, ಕಾಳು ಆರಿಸುತ್ತ, ಯಾವ ಬೀಜ ಯಾರ ಮನೆಯಿಂದ ಬಂತು, ಯಾರಿಗೆ ಹೋಯಿತು, ಯಾರು ಹಿಂದಿರುಗಿಸುವಾಗ ಕಲಬೆರಕೆ ಮಾಡಿದರು ಎಂಬ ಪುರಾಣವನ್ನೆಲ್ಲ ಹೇಳಿದಳು. ನಾನು ಅರ್ಧ ಕೇಳಿದೆ, ಅರ್ಧ ತೂಕಡಿಸಿದೆ. ಆ ಅರ್ಧದ ಬಗ್ಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹನ್ನೆರಡನೆಯ ದಿನದಿಂದ ನಾನು ಬೇರೆಯವಳಾದೆ. ತಿಂಗಳಿಗೆ ಮೂರು ದಿನ ಬೀಜದ ಗುಡಾಣ ಮುಟ್ಟುವಂತಿಲ್ಲ, ಕಣಕ್ಕೆ ಕಾಲಿಡುವಂತಿಲ್ಲ. ಈ ಕಟ್ಟಳೆಯನ್ನು ಮನೆಯಲ್ಲಿ ಎಲ್ಲರಿಗಿಂತ ಬಿಗಿಯಾಗಿ ಹಿಡಿದವಳು ಅಜ್ಜಿಯೇ. ಅವಳನ್ನು ಪ್ರಗತಿಪರಳನ್ನಾಗಿ ಚಿತ್ರಿಸುವ ಆಸೆ ನನಗಿಲ್ಲ. ನಾನು ಬೀಜದಿಂದ ದೂರ ಉಳಿಯಬೇಕಾದ ದಿನಗಳನ್ನು ಅವಳೇ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಎಣಿಸುತ್ತಿದ್ದಳು.

ಡಿಸೆಂಬರಿನಲ್ಲಿ ಅವಳಿಗೆ ಜ್ವರ ಬಂದು, ನಾಲ್ಕನೆಯ ದಿನ ಉಸಿರಾಟ ಏರುಪೇರಾಯಿತು. ಬಾಯಿಗೆ ನೀರು ಬಿಡಲೆಂದು ಮೊಮ್ಮಕ್ಕಳೆಲ್ಲ ಸಾಲಾಗಿ ಒಳಗೆ ಹೋದರು. ನಾನು ಹೊರಗಾಗಿದ್ದೆ. ಹಿತ್ತಿಲ ಬಾಗಿಲ ಹೊಸ್ತಿಲಾಚೆ ನಿಂತವಳನ್ನು ಅಜ್ಜಿ ಕತ್ತು ತಿರುಗಿಸಿ ನೋಡಿದಳು. ಅಷ್ಟು ನಿತ್ರಾಣದಲ್ಲೂ ಅವಳ ಲೆಕ್ಕ ತಪ್ಪಿರಲಿಲ್ಲ. “ಇವತ್ತಿಗೆ ಎರಡ್ ದಿನ ಅಲ್ವಾ? ನಾಡಿದ್ದು ನೀರ್ ಹಾಕ್ಕೊಂಡು ಬಾ” ಎಂದಳು. ಆ ರಾತ್ರಿಯೇ ಹೋದಳು.

ತಿಥಿಯ ದಿನ ನೆಂಟರೆಲ್ಲ ನನ್ನ ತಲೆ ಸವರಿ, ಅಜ್ಜಿ ಹೋದಳು, ಹುಡುಗಿ ದೊಡ್ಡವಳಾದಳು ಎಂದರು. ಆ ಮಾತನ್ನು ನಾನು ಒಪ್ಪುವುದಿಲ್ಲ. ಗುಡ್ಲು ನನ್ನನ್ನು ದೊಡ್ಡವಳನ್ನಾಗಿ ಮಾಡಲಿಲ್ಲ, ಸಾವೂ ಮಾಡಲಿಲ್ಲ. ಸಾವು ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಐದು ವರ್ಷದ ಕೂಸನ್ನಾಗಿ ಮಾಡಿತ್ತು. ಮುಂದಿನ ಆರಿದ್ರಾ ಮಳೆಗೆ ಅಪ್ಪ ವಾಡೆ, ಗುಡಾಣ, ಅಟ್ಟ ಎಲ್ಲವನ್ನೂ ತಡಕಿ, ಬಿತ್ತನೆಗೆ ಬೀಜವಿಲ್ಲವೆಂದು ತಲೆಯ ಮೇಲೆ ಕೈಹೊತ್ತು ಕೂತರು. ಕೆಂಪು ಪಟ್ಟಿ ಕಟ್ಟುವ ಕೆಲಸ ಆ ವರ್ಷ ನಡೆದಿರಲಿಲ್ಲ, ಮೆದೆಯ ರಾಗಿಯೂ ಜೊಳ್ಳೇ. ಆಗ ನಾನು ಮೂರು ಮನೆಗಳ ಹೆಸರು ಹೇಳಿದೆ. ಅಪ್ಪ ನನ್ನ ಮುಖವನ್ನು ಅದೇ ಮೊದಲ ಬಾರಿಗೆ ನೋಡುವವರಂತೆ ನೋಡಿ, “ನೀನೇ ಬಾರವ್ವ, ನಂಗೆ ಗೊತ್ತಾಗಕಿಲ್ಲ” ಎಂದರು. ಮೊಪೆಡ್ಡಿನ ಹಿಂದೆ ಕೂತು ಮೂರೂ ಊರಿಗೆ ಹೋದೆವು. ಹಸಿರುಕಡ್ಡಿ ಸಿಕ್ಕಿತು, ಗಿಡ್ಡರಾಗಿ ಸಿಕ್ಕಿತು. ಬಿಳಿರಾಗಿ ಇಟ್ಟಿದ್ದ ಚಿಕ್ಕಜ್ಜಿಯ ಮನೆಯಲ್ಲಿ ಬೇಸಿಗೆಯಲ್ಲಿ ಬಾಣಂತನ ನಡೆದಿತ್ತು. ಕೂಸಿನ ಸರಿಗೆಂದು ಅದನ್ನು ಬೀಸಿದ್ದರು. ಯಾರನ್ನೂ ದೂರುವಂತಿರಲಿಲ್ಲ. ಅದು ಇದ್ದದ್ದೇ ಆ ಕೆಲಸಕ್ಕೆ.

ಅಟ್ಟದ ಮೇಲೆ ನಾಲ್ಕನೆಯ ಪಾಲೊಂದನ್ನು ಅಜ್ಜಿ ನನಗೂ ಹೇಳದೆ ಇಟ್ಟಿದ್ದಳೆಂಬುದು ಈಗ ತಿಳಿದಿದೆ. ಆ ವರ್ಷ ಅಪ್ಪನ ಕೈಗೂ ಅದು ಸಿಕ್ಕಿರಲಿಲ್ಲ. ಗುರುತು ಹೇಳುತ್ತೇನೆ: ಮೊಣಕಾಲಿಗಿಂತ ತುಸು ಎತ್ತರದ ಪೈರು, ಹಸಿರು ಕಡ್ಡಿ, ಬೆರಳುಗಳನ್ನು ಒಳಕ್ಕೆ ಮಡಚಿದ ಮುಷ್ಟಿಯಂತಹ ತೆನೆ, ಹಾಲಿನ ಕೆನೆಯ ಬಣ್ಣದ ಕಾಳು.

ಬೀಜಗಣಿತ

ಕೃಷಿ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಆದ್ದರಿಂದ ಭಾವನೆಗಿಂತ ಮೊದಲು ಬೀಜದ ವಿಷಯ ಬರೆಯುತ್ತೇನೆ, ತಾವು ಬೇಸರಿಸಬಾರದು. ಇಪ್ಪತ್ತು ವರ್ಷಕ್ಕೂ ಹಳೆಯ ಬೀಜ ಅಟ್ಟದ ಸೆಕೆಯಲ್ಲಿ ಜೀವ ಹಿಡಿದಿರುವುದು ಸಾಧ್ಯವಿರಲಿಲ್ಲ. ರಾಗಿಗೆ ಹುಳು ಬೀಳುವುದು ಕಡಿಮೆಯಾದ್ದರಿಂದ, ನೆಲದೊಳಗಿನ ಹಗೇವಿನಲ್ಲಿಟ್ಟ ರಾಗಿಯನ್ನು ಹತ್ತಾರು ವರ್ಷ ಬಿಟ್ಟು ತೆಗೆದು ಉಂಡವರಿದ್ದಾರೆ. ಹಗೇವಿನ ಬಾಯಿ ತೆರೆದ ಕೂಡಲೇ ಇಳಿಯದೆ ಮೊದಲು ದೀಪ ಇಳಿಬಿಟ್ಟು, ಅದು ಆರಿದರೆ ಕಾಯುತ್ತಿದ್ದ ಕ್ರಮವೂ ತಮಗೆ ಗೊತ್ತಿರಬಹುದು. ಆದರೆ ಉಣ್ಣುವ ಕಾಳಿನ ಬಾಳಿಕೆ ಬೇರೆ, ಮೊಳೆಯುವ ಕಾಳಿನ ಬಾಳಿಕೆ ಬೇರೆ. ಬೀಜವನ್ನು ವರ್ಷ ಬಿಟ್ಟು ವರ್ಷವಾದರೂ ನೆಲಕ್ಕೆ ಹಾಕಿ ಹೊಸದು ಮಾಡಿಕೊಳ್ಳಬೇಕು. ತಮ್ಮ ಅಜ್ಜಿ ಬೀಜವನ್ನು ಮೂರು ಮನೆಗೆ ಹಂಚಿದ್ದರ ಹಿಂದೆ ಈ ಲೆಕ್ಕವೂ ಇದ್ದಿರಬಹುದು: ಒಂದು ಹೊಲದಲ್ಲಿ ಮಳೆ ತಪ್ಪಿದರೂ ಇನ್ನೊಂದರಲ್ಲಿ ಬೀಜ ಹೊಸದಾಗುತ್ತದೆ.

ದಪ್ಪ ತೆನೆಯನ್ನು ಅವರು ಬಿಟ್ಟುಬಿಡುತ್ತಿದ್ದ ಸಂಗತಿಯನ್ನು ಓದಿ ಕುರ್ಚಿಯಿಂದ ಎದ್ದು ನಿಂತೆ. ಗೊಬ್ಬರ ಹೆಚ್ಚು ಬಿದ್ದು ಬಂದ ದಪ್ಪ ಆ ಗಿಡದ ಸ್ವಂತ ಗುಣವಲ್ಲ, ಬೀಜದ ಮೂಲಕ ಅದು ಮುಂದಕ್ಕೆ ಹೋಗುವುದಿಲ್ಲ. ಇದನ್ನು ನಾವು ತರಗತಿಯಲ್ಲಿ ಒಂದು ವಾರ ಪಾಠ ಕೇಳಿ ಕಲಿತೆವು. ರಾಗಿಯಲ್ಲಿ ಪರಾಗಸ್ಪರ್ಶ ಬಹುಪಾಲು ಅದೇ ಹೂವಿನೊಳಗೆ ನಡೆಯುವುದರಿಂದ ಹೀಗೆ ಆಯ್ದ ತೆನೆಯ ಗುಣ ಕೆಡದೆ ಉಳಿಯುತ್ತದೆ. ಜೋಳ, ಸಜ್ಜೆಗಳಲ್ಲಿ ಅಷ್ಟು ಸುಲಭವಲ್ಲ.

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳಬೇಕು. ನಾಟಿ ತಳಿಗಳೆಲ್ಲ ಹೋದದ್ದು ಯಾರದೋ ದ್ರೋಹದಿಂದ ಎಂಬ ಮಾತು ಇಂತಹ ಚರ್ಚೆಗಳಲ್ಲಿ ಬೇಗ ಬರುತ್ತದೆ, ಅದು ಬರುವ ಮೊದಲೇ ಹೇಳಿಬಿಡುತ್ತೇನೆ. ತೆನೆಯ ಕತ್ತಿನಲ್ಲಿ ಬೆಂಕಿರೋಗವೆಂಬ ಶಿಲೀಂಧ್ರ ರೋಗ ಬಿದ್ದು ಇಡೀ ಹೊಲದ ತೆನೆ ಜೊಳ್ಳಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ತಂದ ಇಂಡಾಫ್ ತಳಿಗಳು, ಆಮೇಲೆ ಬೆಂಕಿರೋಗವನ್ನು ತಡೆಯುವ ಜಿಪಿಯು–28, ಇವು ಅನೇಕ ಮನೆಗಳ ಮುದ್ದೆಯನ್ನು ಉಳಿಸಿವೆ. ಬಿಳಿರಾಗಿಯಂತೂ ನಾಜೂಕು ಬೆಳೆ. ಒಗರು ಕಡಿಮೆ, ಸಸಾರಜನಕ ಹೆಚ್ಚು, ಆದ್ದರಿಂದಲೇ ಕೂಸಿಗೆ ಒಳ್ಳೆಯದು. ಹಕ್ಕಿಗೂ ಬೂಷ್ಟಿಗೂ ಅಷ್ಟೇ ಪ್ರಿಯ.

ಮೊಳೆಯದ ಕಾಳನ್ನು ಎಸೆಯಬೇಡಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಸಣ್ಣ ಸಿರಿಧಾನ್ಯಗಳ ಅಖಿಲ ಭಾರತ ಯೋಜನೆಯ ಕೇಂದ್ರವಿದೆ. ರಾಗಿಯ ಸಾವಿರಾರು ಮಾದರಿಗಳು ಅಲ್ಲಿಯ ಸಂಗ್ರಹದಲ್ಲಿವೆ. ಕಾಳನ್ನು ಹೋಲಿಸಿ ನೋಡಬಹುದು. ವಿ.ಸಿ. ಫಾರಂನವರೇ ಬಿಡುಗಡೆ ಮಾಡಿದ ಕೆಎಂಆರ್–340 ಎಂಬ ಬಿಳಿರಾಗಿಯನ್ನೂ ಒಮ್ಮೆ ಬೆಳೆದು ನೋಡಿ. ಅಜ್ಜಿಯದು ಅದಲ್ಲವೆಂದು ಬಲ್ಲೆ.

ಸಾಗರದ ಕಡೆಯವಳು

ಕೆಂಪು ಪಟ್ಟಿಯ ಸಾಲು ಓದಿದಾಗ ನನ್ನ ಕೈಗೆ ಪುಂಡಿ ನಾರಿನ ನೆನಪು ಬಂತು. ನಾವು ಮಲೆನಾಡಿನ ದೀವರ ಸಮುದಾಯದವರು. ಆಶ್ವಯುಜದ ಹುಣ್ಣಿಮೆಯನ್ನು ನಮ್ಮಲ್ಲಿ ಭೂಮಿ ಹುಣ್ಣಿಮೆ ಎನ್ನುತ್ತೇವೆ. ಗದ್ದೆಯ ಭತ್ತ ಹೊಡೆ ತುಂಬಿರುವ ಹೊತ್ತು ಅದು. ಬಸುರಿಯಾದ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ. ಊಟ ಒಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ ಬಳಿದು, ಮೇಲೆ ಕೆಮ್ಮಣ್ಣು ಕೊಟ್ಟು, ನೆನೆಸಿ ಅರೆದ ಅಕ್ಕಿಯ ಬಿಳುಪಿನಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುವವರು ಹೆಂಗಸರು. ನಸುಕಿನಲ್ಲಿ ಬುಟ್ಟಿ ಹೊತ್ತು ಗದ್ದೆಗೆ ಹೋಗುವವರು ಗಂಡಸರು.

ನನ್ನ ಅಜ್ಜಿ ತೀರಿಕೊಂಡದ್ದು ಆ ಹುಣ್ಣಿಮೆಗೆ ಹದಿನೈದು ದಿನ ಇರುವಾಗ. ನನಗಾಗ ಹದಿನಾಲ್ಕು. ಬುಟ್ಟಿಗೆ ಕೆಮ್ಮಣ್ಣು ಕೊಟ್ಟಾಗಿತ್ತು, ಒಂದು ಬದಿಯ ಎಳೆಗಳನ್ನು ಅಜ್ಜಿ ಬರೆದಾಗಿತ್ತು. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ಭೂಮಿಗೆ ಊಟವಿಲ್ಲದೆ ಹೋಗುತ್ತದಲ್ಲ ಎಂದು ನಾನು ಅತ್ತದ್ದಕ್ಕೆ, ಪಕ್ಕದ ಮನೆಯವರು ತಮ್ಮ ಬುಟ್ಟಿಯಿಂದಲೇ ನಮ್ಮ ಗದ್ದೆಗೂ ಒಂದು ಹಿಡಿ ಚೆಲ್ಲಿದರು. ಮರುವರ್ಷ ಅದೇ ಬುಟ್ಟಿಯನ್ನು ಕೆಳಗಿಳಿಸಿ ಉಳಿದ ಮೂರು ಬದಿ ನಾನು ಬರೆದೆ. ಅಜ್ಜಿಯ ಎಳೆ ಕೂದಲಿನಷ್ಟು ನೇರ, ನನ್ನದು ಎರೆಹುಳು ಹರಿದ ಹಾಗೆ. ಊರಿನ ಹಿರಿಯಳೊಬ್ಬಳು ನೋಡಿ, ಅಜ್ಜಿಯ ಬದಿಯನ್ನು ಅಳಿಸಿ ಎಲ್ಲವನ್ನೂ ಒಂದೇ ಕೈಯಲ್ಲಿ ಬರೆ, ಹಬ್ಬದ ಬುಟ್ಟಿ ಎರಡು ಕೈಯದಾಗಬಾರದು ಎಂದಳು. ಅಳಿಸಿದೆ. ರಾಗಿಮೆದೆಯವರು ತೂಕಡಿಸಿದ ಅರ್ಧದ ಬಗ್ಗೆ ಬರೆದಿದ್ದಾರಲ್ಲ, ನನ್ನದು ನಾನೇ ಒದ್ದೆ ಬಟ್ಟೆಯಿಂದ ಒರೆಸಿದ ಅರ್ಧ.

ಕಣದ ಕಂಬ

ಬರಹ ಚೆನ್ನಾಗಿದೆ. ಆದರೂ ಕಣದ ಕಟ್ಟಳೆಯ ಬಗ್ಗೆ ಬರೆದ ಸಾಲುಗಳಲ್ಲಿ ಒಂದು ಅನ್ಯಾಯ ಕಂಡಿತು. ಕಣಕ್ಕೆ ಗಂಡಸರೂ ಚಪ್ಪಲಿ ಮೆಟ್ಟಿ ಹೋಗುತ್ತಿರಲಿಲ್ಲ, ರಾಶಿಯ ಮುಂದೆ ಜೋರಾಗಿ ಮಾತನಾಡುತ್ತಿರಲಿಲ್ಲ, ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದರು. ವರ್ಷದ ಅನ್ನ ಬಂದು ಬೀಳುವ ಜಾಗಕ್ಕೆ ಎಲ್ಲರೂ ಬಗ್ಗಿ ನಡೆಯುತ್ತಿದ್ದ ಕಾಲದಲ್ಲಿ ಆ ಅಜ್ಜಿಯೂ ಬಗ್ಗಿ ನಡೆದರು. ಇಂದಿನ ಅಳತೆಗೋಲಿನಿಂದ ಅವರನ್ನು ಅಳೆಯುವುದು ಮೊಮ್ಮಗಳಿಗೆ ಶೋಭಿಸುವುದಿಲ್ಲವೆಂದು ನನ್ನ ಅನಿಸಿಕೆ.

ಹಟ್ಟಿಯ ಮಗಳು

ಕಣದ ಕಂಬದವರಿಗೆ ಒಂದು ಮಾತು. ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಬಹುದು. ಮೈಯನ್ನು ಎಲ್ಲಿ ಬಿಡುವುದು?

ನಾನು ಚಿತ್ರದುರ್ಗ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಯಲ್ಲಿ ಹುಟ್ಟಿದವಳು. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇಡುವ ನಮ್ಮ ಪದ್ಧತಿಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಅದನ್ನು ಮತ್ತೆ ವಿವರಿಸಲಾರೆ. ಮೊದಲ ಬಾರಿ ನಾನು ಹೊರಗೆ ಕೂತಾಗ ಮಾಗಿಯ ಚಳಿ. ಅಜ್ಜಿ ಕಂಬಳಿ ಹೊದ್ದು, ಕುರಿ ಕಾಯುವ ಕೋಲು ಹಿಡಿದು, ಗುಡಿಸಲಿನಿಂದ ಹತ್ತು ಮಾರು ದೂರದಲ್ಲಿ ಅಷ್ಟೂ ರಾತ್ರಿ ಬೆಂಕಿ ಹಾಕಿಕೊಂಡು ಕೂತಳು. ಒಳಗೆ ಬರಲಿಲ್ಲ, ನನ್ನನ್ನು ಮುಟ್ಟಲಿಲ್ಲ, ಎದ್ದು ಮನೆಗೂ ಹೋಗಲಿಲ್ಲ. ಅವಳು ಕಟ್ಟಳೆಯನ್ನು ಮುರಿದಳೇ, ಕಾದಳೇ ಎಂದು ನನ್ನನ್ನು ಕೇಳಿದರೆ ಇಂದಿಗೂ ಉತ್ತರ ಗೊತ್ತಿಲ್ಲ. ಎರಡು ವರ್ಷದ ನಂತರ ಅವಳು ತೀರಿಕೊಂಡಾಗ ಆ ಕಂಬಳಿ ನನ್ನ ಪಾಲಿಗೆ ಬಂತು. ನನ್ನ ಮಗಳನ್ನು ಹೊರಗೆ ಕೂರಿಸಲಿಲ್ಲ. ಅದಕ್ಕಾಗಿ ಹಟ್ಟಿಯವರೊಂದಿಗೆ ಮೂರು ವರ್ಷ ಮಾತು ಬಿಟ್ಟಿತ್ತು.

ಅಜ್ಜಿಯನ್ನು ಪ್ರೀತಿಸುವುದಕ್ಕೂ ಅವಳು ತಪ್ಪು ಮಾಡಿದಳೆನ್ನುವುದಕ್ಕೂ ಜಗಳವೇನಿಲ್ಲ, ಅಣ್ಣ. ಎರಡನ್ನೂ ಒಂದೇ ಕಂಬಳಿಯಲ್ಲಿ ಹೊದ್ದುಕೊಂಡಿದ್ದೇನೆ.

ರಾಗಿಮೆದೆ

ಎಲ್ಲರಿಗೂ ನಮಸ್ಕಾರ. ಹಟ್ಟಿಯ ಅಕ್ಕನ ಬರಹ ಓದಿ ಎರಡು ದಿನ ಏನೂ ಬರೆಯಲಾಗಲಿಲ್ಲ.

ಕಣದ ಕಂಬದ ಹಿರಿಯರಿಗೆ: ತಾವು ಹೇಳಿದ ‘ಲಾಭ’ದ ಎಣಿಕೆ ನಮ್ಮ ಮನೆಯಲ್ಲೂ ಇತ್ತು, ಅದನ್ನು ನೆನಪಿಸಿದ್ದಕ್ಕೆ ಋಣಿ. ನಾನು ಅಜ್ಜಿಯನ್ನು ಅಳೆಯುತ್ತಿಲ್ಲ. ನನ್ನ ದುಃಖ ಬೇರೆ ಕಡೆಯಿದೆ. ನಾಡಿದ್ದು ಬಾ ಎಂದಾಗ ಅವಳು ಸುಳ್ಳು ಹೇಳಲಿಲ್ಲ. ನಾಡಿದ್ದಿನವರೆಗೆ ತಾನು ಇರುತ್ತೇನೆಂದೇ ನಂಬಿದ್ದಳು. ಬಿಳಿರಾಗಿಯ ಸೋರೆ ಬುರುಡೆ ಅಟ್ಟದಲ್ಲಿರುವ ಸಂಗತಿಯನ್ನು ಹೇಳುವುದಕ್ಕೇ ನಾಡಿದ್ದು ಕರೆದಿದ್ದಳೇ ಎಂಬ ಅನುಮಾನ ಈ ಯುಗಾದಿಯಿಂದ ಕಾಡುತ್ತಿದೆ. ಇಷ್ಟು ವರ್ಷ ನಾನು ಅತ್ತದ್ದು ಮುಟ್ಟಲಾಗದ್ದಕ್ಕೆ. ಈಗ ಕೇಳಲಾಗದ್ದಕ್ಕೂ ಸೇರಿಸಿ ಅಳಬೇಕಾಗಿದೆ. ಹೊಸ್ತಿಲಾಚೆಯಿಂದಲೇ ಒಂದು ಮಾತು ಕೇಳಬಹುದಿತ್ತು. ಮಾತಿಗೆ ಮೈಲಿಗೆ ಇರಲಿಲ್ಲ. ಹೊಳೆಯಲಿಲ್ಲ, ಅಷ್ಟೇ. ಹದಿಮೂರು ವರ್ಷದವರಿಗೆ ಹೊಳೆಯುವುದಿಲ್ಲ.

ಬೀಜಗಣಿತದವರಿಗೆ: ನಮ್ಮ ಅಣ್ಣ ಈಗ ಮುಕ್ಕಾಲು ಹೊಲಕ್ಕೆ ಜಿಪಿಯು–28 ಹಾಕುತ್ತಾನೆ, ನಾನು ತಕರಾರು ಮಾಡುವುದಿಲ್ಲ. ಉಳಿದ ಹತ್ತು ಗುಂಟೆ ನನ್ನದು. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ದೀಪಾವಳಿ ಕಳೆದ ಮೊದಲ ಭಾನುವಾರ ಹೋಗಿ ಹಸಿರುಕಡ್ಡಿಗೂ ಗಿಡ್ಡರಾಗಿಗೂ ಪಟ್ಟಿ ಕಟ್ಟಿ ಬರುತ್ತೇನೆ. ಮುಟ್ಟಾಗಿದ್ದರೂ ಹೋಗುತ್ತೇನೆ. ಮೊದಲ ಸಲ ಹಾಗೆ ಹೋದ ವರ್ಷ ಬೆಳೆ ಏನಾಗುತ್ತದೋ ಎಂದು ಒಳಗೊಳಗೆ ಹೆದರಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ. ಜಿಕೆವಿಕೆಗೆ ಅರ್ಧ ಪಾವು ಕಾಳು ಒಯ್ದು ಕೊಡುವೆ.

ತುರುವೇಕೆರೆ ಮೇಷ್ಟ್ರು

ತಾಯಿ, ನಾನು ಮಾಯಸಂದ್ರಕ್ಕೆ ಮೂರು ಮೈಲಿ ದೂರದವನು. ನಮ್ಮ ಮನೆಯಲ್ಲಿ ಒಂದೂವರೆ ಗುಂಟೆ ಬಿಳಿರಾಗಿ ಬೆಳೆಯುತ್ತೇವೆ, ಮೊಮ್ಮಕ್ಕಳ ಸರಿಗೆ. ಬೀಜ ನನ್ನ ತಾಯಿಯ ಕಾಲದಿಂದ ಬಂದದ್ದು. ಅವರಿಗೆ ಎಲ್ಲಿಂದ ಬಂತೋ ಕೇಳಿದವರಿಲ್ಲ. ನಿಮ್ಮ ಅಜ್ಜಿಯದೇ ಎಂದು ಹೇಳುವ ಧೈರ್ಯ ನನಗಿಲ್ಲ, ಏಕೆಂದರೆ ನೀವು ಮುಷ್ಟಿಯಂತಹ ತೆನೆ ಎಂದು ಬರೆದಿದ್ದೀರಿ, ನಮ್ಮದು ಬಲಿತಾಗ ಬೆರಳು ಸ್ವಲ್ಪ ಬಿಡಿಸಿಕೊಳ್ಳುತ್ತದೆ.

ರಾಗಿಮೆದೆ

ಮೇಷ್ಟ್ರೇ, ಕಡ್ಡಿ ಯಾವ ಬಣ್ಣ? ಗೆಣ್ಣಿನ ಹತ್ತಿರ ನೇರಳೆ ಛಾಯೆ ಇದೆಯೇ? ಕಾಳು ಇನ್ನೂ ಎಳೆಯದಾಗಿ ಹಾಲುಗಾಳಾಗಿದ್ದಾಗ ತೆನೆ ಹೇಗಿರುತ್ತದೆ?

ಬೀಜಗಣಿತ

ನಡುವೆ ಬಾಯಿ ಹಾಕುತ್ತಿದ್ದೇನೆ. ಬೆರಳು ಎಷ್ಟು ಮಡಚಿರುತ್ತದೆಂಬುದು ತಳಿಯ ಗುಣವೇ ಹೌದು. ಆದರೆ ಹದಿಮೂರನೆಯ ವಯಸ್ಸಿನಲ್ಲಿ ಕಂಡ ತೆನೆಯ ನೆನಪನ್ನು ತಳಿಯ ಗುಣವೆಂದು ದಾಖಲಿಸಲು ನಮ್ಮ ಇಲಾಖೆಯವರು ಒಪ್ಪುವುದಿಲ್ಲ. ಇಬ್ಬರೂ ಹೊಲದಲ್ಲಿ ನಿಂತು ನೋಡುವುದು ಒಳ್ಳೆಯದು.

ತುರುವೇಕೆರೆ ಮೇಷ್ಟ್ರು

ಕಡ್ಡಿ ಹಸಿರು. ಗೆಣ್ಣಿನ ವಿಷಯ ನಾನು ಗಮನಿಸಿಲ್ಲ, ನಮ್ಮ ಮನೆಯವಳು ಹಸಿರೇ ಎನ್ನುತ್ತಾಳೆ. ಹಾಲುಗಾಳಿನಲ್ಲಿ ಮುಷ್ಟಿ ಕಟ್ಟಿರುತ್ತದೆ, ಆಮೇಲೆ ಸಡಿಲವಾಗುತ್ತದೆ ಎಂದೂ ಅವಳ ಹೇಳಿಕೆ. ಬೀಜ ಕಟ್ಟುವುದು ಅವಳೇ ಆದ್ದರಿಂದ ಆ ಮಾತಿಗೆ ನನ್ನ ಮಾತಿಗಿಂತ ತೂಕ ಹೆಚ್ಚು. ಈ ವರ್ಷ ತಡವಾಗಿ ಬಿತ್ತಿದ್ದೇವೆ, ಕಾರ್ತಿಕದ ಎರಡನೆಯ ವಾರಕ್ಕೆ ತೆನೆ ನೋಡುವ ಹದಕ್ಕೆ ಬರುತ್ತದೆ. ಬೆಳ್ಳೂರು ಕ್ರಾಸಿನಲ್ಲಿ ಇಳಿದು ತುರುವೇಕೆರೆ ಬಸ್ಸು ಹತ್ತಿದರೆ ಮಾಯಸಂದ್ರದಲ್ಲಿ ಇಳಿಯಬಹುದು. ಅಲ್ಲಿಂದ ನಮ್ಮ ಮೊಮ್ಮಗಳು ಸ್ಕೂಟರಿನಲ್ಲಿ ಕರೆದುಕೊಂಡು ಬರುತ್ತಾಳೆ. ಊಟಕ್ಕೆ ಇರಲೇಬೇಕು. ಹೊಲಕ್ಕೆ ಇಬ್ಬನಿ ಇರುವಾಗಲೇ ಹೋಗಬೇಕೆಂದು ನಮ್ಮವಳು ಹೇಳುತ್ತಿರುವುದರಿಂದ ಹಿಂದಿನ ರಾತ್ರಿಯೇ ಬಂದುಬಿಡಿ.

ಸೋರೆ ಬುರುಡೆಯನ್ನು ತರಲು ಮರೆಯಬೇಡಿ. ಸಗಣಿ ಹೇಗೆ ಮೆತ್ತಿದ್ದರೆಂದು ಅವಳಿಗೆ ನೋಡಬೇಕಂತೆ.